ರುದ್ರಪ್ಪಕಾಕಾನ ನಾಲಗಿ

…ಅಲ್ಲೋ ಮಾಂತೇಶ, ಅಂಗಡಿ ಓಪನಿಂಗಿಗೆ ಪೂಜಿ ಮಾಡಸು, ಊಟಾ ಹಾಕಸು, ಬ್ಯಾಡ ಅಂದಾವ್ರ ಯಾರು? ಆದ್ರ ಕಿತ್ತೂರ ಹಾದ್ಯಾಗಿನ ಢಾಬಾದಾಗ ಯಾಪಾರಸ್ತರನ್ನ ಕುಂಡ್ರಿಸಿ ಕುಡಸತೇನಿ ಅಂತಿಯಲ್ಲ, "ಅದೊಂದು ಮಜಾ ಅಜ್ಜಾ" ಅಂತಿಯಲ್ಲ, ಆ ಮಜಾ ನಾನೂ ನೋಡೇನಪಾ. ಮೊದಲ ಗ್ಲಾಸಿನ್ಯಾಗ ಬೆರಳ ಅದ್ದಿ ನೆಲಕ್ಕ ಎರಡ ಹನಿ ಚಿಮಕಸತಾರ, ಭೂಮಿತಾಯಿ ಏನ ಇವ್ರ ಮುಂದ ಕೈಯೊಡ್ಡಿ ಕೇಳಿದ್ಲ? ಆಮ್ಯಾಲ ಗ್ಲಾಸಿಗೆ ಗ್ಲಾಸ ಬಡದು, ಕಣ್ಣ ಮುಚ್ಚಿ, ಬೇವಿನ ಕಷಾಯ ಕುಡದ ಕೂಸಿನಂಗ ಮಾರಿ ಹಿಂಡಿ, ಗಬಕ್ಕನ ಒಂದ ಹಿಡಿ ಖಾರದ ಶೇಂಗಾ ಬಾಯಿಗೆ ಒಗಕೋತಾರ. ನಾ ಜೀವಮಾನ ಎಲ್ಲಾ ಬೆಲ್ಲ ಮಾರಿದಾಂವ. ನನ್ನ ಬೆಲ್ಲ ತಿಂದ ಗಿರಾಕಿ ಹಂಗ ಮಾರಿ ಮಾಡಿದ್ರ, ಆ ಬೆಲ್ಲದ ಪೆಂಟಿ ತಂದು ನನ್ನ ತಲಿಗೇ ಒಗೀತಿದ್ದ. ಇಲ್ಲಿ ಗಿರಾಕಿ ತಾನ ಹೊಗಳತಾನ, "ಏನ ಮಾಲ ಐತಿ ಅಣ್ಣಾ" ಅಂತ. ಅಷ್ಟ ರುಚಿ ಇದ್ರ ಬಾಯಿ ತೊಳ್ಯಾಕ ಶೇಂಗಾ ಯಾಕ ಬೇಕು?

ರುದ್ರಪ್ಪಕಾಕಾನ ಸುದ್ದಿ ನಿಮಗ ಹೇಳೇನಿ? ಇಲ್ಲ? ಹಂಗಾರ ಕೇಳ್ರಿ. ನಾ ಬೈಲಹೊಂಗಲ ಪ್ಯಾಟ್ಯಾಗ ಮೊದಲ ಕೆಲಸಕ್ಕ ಸೇರಿದಾಗ ನಿಮ್ಮಜ್ಜಿ ಬಸರಿ. ಮನ್ಯಾಗ ಜ್ವಾಳದ ಹಗೇವು ಬರಿದು, ನುಚ್ಚ ಕುದಿಸಿ ಕುಡೀತಿದ್ವಿ. ಬೆಲ್ಲದಂಗಡಿ ಸಾವಕಾರ ನನ್ನ ರುದ್ರಪ್ಪಕಾಕಾನ ಕೈಕೆಳಗ ಹಾಕಿದ. ಕಾಕಾನ ಕೆಲಸ ಬೆಲ್ಲದ ರುಚಿ ನೋಡೂದು. ಹರಾಜಿನ ಸವಾಲು ಕೂಗೂ ಮೊದಲ ಪೆಂಟಿಗೆ ಚೂರಿ ಹಾಕಿ, ಒಂದ ಚೂರ ತಗದು ಬಾಯಾಗ ಇಟ್ಕೊಂಡು, ಅದು ಯಾವ ಕಡೆ ಹೊಲದ ಕಬ್ಬು, ಪಾಕ ಎಷ್ಟ ಕಾದಿತ್ತು, ಎಲ್ಲಾ ಹೇಳಾಂವ. ನೀರ ನಿಂತು ಸವಳಾದ ಹೊಲದ ಬೆಲ್ಲ ಇರತೈತಲ್ಲ, ಅದು ನೋಡಾಕ ಬಂಗಾರ, ತಿಂದ್ರ ಉಪ್ಪ. ಕಣ್ಣಿಗೆ ಸಿಗೂದಿಲ್ಲ ಅದು, ನಾಲಗೀಗೇ ಸಿಗಬೇಕು. ಸವದತ್ತಿ, ರಾಮದುರ್ಗ ಕಡೆ ಮಂದಿ "ರುದ್ರಪ್ಪ ಹೂಂ ಅಂದಾನೇನು?" ಅಂತ ಅಷ್ಟ ಕೇಳಿ ಮಾಲ ಒಯ್ಯಾವ್ರು.

ಅಂಥಾ ನಾಲಗೀನ ಅಂವಾ ಸಾರಾಯ್ಯಾಗ ನೆನೆ ಹಾಕಿದ. ಆವಾಗ ಸಾರಾಯಿ ಅಂಗಡಿ ಇದ್ದವು. ಮುಂಜಾನೆ ಒಂದ ಗ್ಲಾಸು, ಮಧ್ಯಾಹ್ನ ಎರಡು. ಅಲ್ಲಿ ಕುಂತಾವ್ರೆಲ್ಲ ಅಂವಂಗ "ರಾಜಾ" ಅನ್ನಾವ್ರು. ತಮ್ಮ ಗ್ಲಾಸ ತುಂಬಸಾಂವ ಯಾವಾಗ್ಲೂ ರಾಜಾನ ಬಿಡ್ರಿ. ಬರ್ತಾ ಬರ್ತಾ ನಾಲಗಿ ಮಂದ ಆತು. ಒಂದಿನ ಮೆಲ್ಲಕ ನನಗಂದ, "ತಮ್ಮಾ, ಮೊದಲ ನೀ ತಿನ್ನು. ಸವಳ ಇದ್ರ ನಿನ್ನ ಕಾಲಿಲೆ ನನ್ನ ಕಾಲ ಒತ್ತು. ಸಾವಕಾರಗ ಹೇಳಬ್ಯಾಡ." ಹೇಳಿದ್ರ ಅಂವನ ಮರ್ಯಾದಿ ಹೋಗತಿತ್ತು, ಅಂವಾ ಹೋದ್ರ ನನ್ನ ಕೆಲಸಾನೂ ಹೋಗತೈತಿ ಅಂತ ಅಂಜಿದ್ನಿ. ಒಂದ ವರ್ಷ… ಅಲ್ಲ, ಒಂದೂವರಿ ವರ್ಷ, ನಾ ಕಾಲ ಒತ್ತೇನಿ. ಅಂವನ ಕುಡತಾ ಅಷ್ಟ ದಿನ ಸಾಕಿದಾಂವ ನಾನ.

ಒಂದ ಮುಂಜಾನೆ ರಾಮದುರ್ಗದಿಂದ ಗಂಗವ್ವ ಬಂದ್ಲು. ಲಗ್ನದ ಮನಿಗೋಳಿಗೆ ಹೋಳಗಿ ಮಾಡಿ ಕೊಡಾಕಿ, ಬಾಳ ಖಡಕ್ ಹೆಂಗಸು. ನಾ ಚೂರಿಗೆ ಕೈ ಹಾಕಿದ ಕೂಡ್ಲೇ, "ನೀ ಆಚೆ ಸರಿ ತಮ್ಮಾ, ನಿನ್ನ ಎಂಜಲ ಕೈ ಯಾಕ? ರುದ್ರಪ್ಪ ನೋಡ್ಲಿ" ಅಂದ್ಲು. ನಾ ನಾಕ ಮಾರು ದೂರ ನಿಂತ್ನಿ. ಕಾಕಾ ಚೂರ ಬಾಯಿಗೆ ಹಾಕ್ಕೊಂಡ. ಅಗದ. ನನ್ನ ಕಾಲ ಕಡೆ ನೋಡಿದ. ಮತ್ತ ಅಗದ. "ಚೊಲೋ ಐತಿ ಗಂಗವ್ವಾ, ಒಯ್ಯಿ" ಅಂದ. ಆಕಿ ತಾನೊಂದ ಚೂರ ತಿಂದು, ಥೂ ಅಂತ ಉಗಳಿ, "ಇದನ್ನ ಹೂರಣಕ್ಕ ಹಾಕಲೋ, ಸಾರಿಗೆ ಹಾಕಲೋ?" ಅಂದ್ಲು. ಪ್ಯಾಟಿ ಮಂದಿ ಎಲ್ಲಾ ಕೂಡಿತು. ಕಾಕಾ ಇನ್ನೊಂದ ಚೂರ ಹಾಕ್ಕೊಂಡ. ಮತ್ತೊಂದು. ಉಪ್ಪ ಈಗ ಬರತೈತಿ, ಈಗ ಬರತೈತಿ ಅಂತ ಕಾಯಾಕತ್ತಾನ, ಬರವಲ್ದು. ಕಡೀಕ ನನ್ನ ಕಡೆ ಹೊಳ್ಳಿ, "ಸವಳ ಐತೇನೋ?" ಅಂದ. ನಾನೂ ಒಂದ ಚೂರ ತಿಂದು, "ಹೂಂನ್ರಿ ಕಾಕಾ" ಅಂದ್ನಿ. ಚೂರಿ ಧೋತರಕ್ಕ ಒರಸಿ ನನ್ನ ಕೈಯಾಗಿಟ್ಟು ಹೋದಾಂವ, ಮತ್ತ ಪ್ಯಾಟಿಗೆ ಬರಲಿಲ್ಲ.

ರಾಜಾ ಅಂದಾವ್ರೊಳಗ ಒಬ್ಬನೂ ಅಂವನ ಮನಿ ಬಾಗಲಕ್ಕ ಹೋಗಲಿಲ್ಲ. ಮುಂದ ಕಾಕಾ ಅದ ಸಾರಾಯಿ ಅಂಗಡ್ಯಾಗ ಗ್ಲಾಸ ತೊಳ್ಯಾಕ ನಿಂತ. ಅಂವನ ಜಾಗಾಕ್ಕ ನನ್ನ ಹಾಕಿದ್ರು. ಮನ್ಯಾಗ ರೊಟ್ಟಿ ಆದ್ವು. ಅಳಬೇಕಂದ್ರ ಆಗ ಪುರಸೊತ್ತ ಇರಲಿಲ್ಲ, ಈಗ ಅತ್ತು ಉಪಯೋಗ ಇಲ್ಲ.

ಈಗ ನಿಮಗ ಶೇಂಗಾ ಜೋಡಿ ಕೊಡಾಕ ಬೆಲ್ಲ ಒಡ್ಯಾಕತ್ತೇನಲ್ಲ, ಇದ ಆ ಚೂರಿ. ನಿನ್ನ ಓಪನಿಂಗಿಗೆ ಒಯ್ಯಿ. ಬಂದಾವ್ರ ಮುಂದ ಒಂದ ಪೆಂಟಿ ಇಡು, ತಿಂದು ಮಾರಿ ಅರಳಿದಾಂವನ ಜೋಡಿ ಯಾಪಾರ ಮಾಡು. ಮಾರಿ ಹಿಂಡಕೊಂಡು ನುಂಗೂ ಮಾಲು ಪುಕ್ಕಟ ಬಂದ್ರೂ ಬ್ಯಾಡ. ಹೂಂ, ಕೈ ಚಾಚು, ಬೆಲ್ಲ ತಗೋ.