ಶಾಲೆ ದಾರಿಯ ನೀರಿನ ಟಾಕಿಗಳು

ಇವತ್ತು ಬೆಳಿಗ್ಗೆ ಒಬ್ಬ ತಾಯಿ ಮಠಕ್ಕೆ ಬಂದು ಕೂತರು. "ಅಪ್ಪಾರ, ಸಾಲಿ ಅರ್ಧ ಕಿಲೋಮೀಟರ್ ಐತ್ರಿ. ಆದ್ರೂ ಮಗಳನ್ನ ನಡಸಿ ಕಳಸೂಕ ಅಂಜಿಕಿ ಬರ್ತೈತಿ. ದಿನಾ ಗಾಡಿ ಮ್ಯಾಲೆ ಬಿಟ್ಟು ಬಿಟ್ಟು ಸಾಕಾಗೇತಿ" ಎಂದರು. ನಾನೇನು ಹೇಳಲಿ? ಆ ತಾಯಿಯ ಅಂಜಿಕೆ ಸುಳ್ಳಲ್ಲ. ಆಯಾಸವೂ ಸುಳ್ಳಲ್ಲ. ಆಗ ಹೇಳಲಾಗದ ಮಾತನ್ನು ಈಗ ನಿಮ್ಮೆಲ್ಲರ ಮುಂದೆ ಹೇಳುತ್ತೇನೆ. ಸ್ವಲ್ಪ ಕಿವಿಗೊಡಿ.

ಹಳ್ಳಿ ಅನ್ನುವಷ್ಟು ಚಿಕ್ಕದಲ್ಲ, ಪಟ್ಟಣ ಅನ್ನುವಷ್ಟು ದೊಡ್ಡದಲ್ಲ, ಅಂಥದೊಂದು ಊರು. ಅಲ್ಲೊಬ್ಬ ಸಾಹುಕಾರ. ಅವನ ಹೆಸರು ಬೇಡ. ಹೆಸರು ಹೇಳಿದರೆ ನೀವು ಅವನನ್ನು ಹುಡುಕುತ್ತ ಕೂರುತ್ತೀರಿ. ಶಾಲೆಗೆ ಹೋಗುವ ರಸ್ತೆಯಲ್ಲೇ ಅವನ ಹಾರ್ಡ್‌ವೇರ್ ಅಂಗಡಿ. ಪೈಪು, ಬಣ್ಣ, ತಂತಿ ಒಳಗೆ. ದೊಡ್ಡ ದೊಡ್ಡ ನೀರಿನ ಟಾಕಿಗಳು ಹೊರಗೆ. ಹೊರಗೆ ಅಂದರೆ ಎಲ್ಲಿ? ಫುಟ್‌ಪಾತಿನ ಮೇಲೆ. ಹಗಲೂ ಅಲ್ಲೇ, ರಾತ್ರಿಯೂ ಅಲ್ಲೇ, ಸರಪಳಿ ಹಾಕಿಕೊಂಡು. ಅಂಗಡಿಯವನಿಗೆ ಅದು ತಪ್ಪು ಅಂತ ಅನಿಸಿರಲೇ ಇಲ್ಲ. ಅವನ ತಂದೆಯೂ ಅಲ್ಲೇ ಇಡುತ್ತಿದ್ದ.

ಅವನಿಗೊಬ್ಬಳೇ ಮಗಳು, ಶಿವಲೀಲಾ, ಏಳನೇ ತರಗತಿ. ಮನೆಯಿಂದ ಶಾಲೆಗೆ ಹತ್ತು ನಿಮಿಷದ ನಡಿಗೆ. ಆದರೂ ಕಾರು. ಓಣಿಯ ಮಕ್ಕಳೆಲ್ಲ ಗುಂಪಾಗಿ ನಡೆದು ಹೋಗುತ್ತಿದ್ದರು. ಶಾಲೆಯ ಆಯಾ ಫಕೀರವ್ವ ಅದೇ ಓಣಿಯವಳು. ಕೆಲಸಕ್ಕೆ ಹೊರಟಾಗ ಮನೆಮನೆಯ ಮುಂದೆ ನಿಂತು ಮಕ್ಕಳನ್ನು ಕೂಗಿ, ತನ್ನೊಂದಿಗೆ ಕರೆದೊಯ್ಯುತ್ತಿದ್ದಳು. ಅವಳಿಗೆ ಯಾರೂ ಹೇಳಿರಲಿಲ್ಲ. ಹೇಗೂ ಹೋಗುತ್ತೇನಲ್ಲ, ಮಕ್ಕಳೂ ಬರಲಿ ಅಂತ ಅಷ್ಟೇ.

"ಅಪ್ಪಾ, ನಾನೂ ರೇಣುಕಾನ ಜೋಡಿ ನಡ್ಕೊಂಡು ಹೋಗ್ತೇನಿ" ಎಂದು ಮಗಳು ಕೇಳದ ದಿನವಿಲ್ಲ. ರೇಣುಕಾ ಅವಳ ಗೆಳತಿ, ಎದುರುಮನೆಯವಳು.

"ಆ ರಸ್ತೆ ಮಂದಿ ನಡಿಯೂ ರಸ್ತೆ ಅಲ್ಲವ್ವ. ಸುಮ್ನ ಕಾರ್ ಹತ್ತು" ಎನ್ನುತ್ತಿದ್ದ ಸಾಹುಕಾರ.

ಫಕೀರವ್ವ ಎರಡು ಸಲ ಅಂಗಡಿಗೆ ಬಂದು ಕೇಳಿದ್ದಳು. "ಸಾಹುಕಾರ್ರ, ಟಾಕಿ ಒಂಚೂರು ಒಳಗ ಸರಸ್ರಿ. ಹುಡುಗ್ರು ಹಾಯಾಕ ದಾರಿ ಇಲ್ಲ." ಎರಡು ಸಲವೂ ಅವನು ನೋಡೋಣ ಅಂದಿದ್ದ. ನೋಡಿ, ನಾವು ನೋಡೋಣ ಅಂದದ್ದನ್ನು ಎಂದಾದರೂ ನೋಡುತ್ತೇವೆಯೇ?

ಒಂದು ದಿನ ಸಾಹುಕಾರ ಸರಕು ತರಲು ಕಾರು ತೆಗೆದುಕೊಂಡು ಬೆಳಕು ಹರಿಯುವ ಮುಂಚೆಯೇ ಪರ ಊರಿಗೆ ಹೋದ. ಮಗಳಿಗೆ ಹಬ್ಬ. ತಾಯಿಯನ್ನು ಒಪ್ಪಿಸಿ, ರೇಣುಕಾನ ಕೈ ಹಿಡಿದು, ಫಕೀರವ್ವನ ಗುಂಪು ಸೇರಿದಳು. ನಗುತ್ತ, ಮಾತಾಡುತ್ತ ಅಪ್ಪನ ಅಂಗಡಿಯವರೆಗೆ ಬಂದಳು. ಅಲ್ಲಿ ಫುಟ್‌ಪಾತ್ ಮುಗಿಯಿತು. ಮಕ್ಕಳು ಟಾಕಿಗಳನ್ನು ಬಳಸಿ ರಸ್ತೆಗೆ ಇಳಿದರು. ಅದೇ ಹೊತ್ತಿಗೆ ಹಿಂದಿನಿಂದ ಒಬ್ಬ ತಂದೆ ತನ್ನ ಮಗನನ್ನು ಶಾಲೆಗೆ ಬಿಡಲು ಮೋಟಾರ್ ಸೈಕಲ್ ಮೇಲೆ ಬರುತ್ತಿದ್ದ. ಗಂಟೆ ಹೊಡೆಯುವ ಹೊತ್ತು, ಅವನಿಗೂ ಅವಸರ. ಹ್ಯಾಂಡಲ್ ತಾಗಿ ಶಿವಲೀಲಾ ಬಿದ್ದಳು. ಬಲಗೈ ಮುರಿಯಿತು.

ಸಾಹುಕಾರ ಆಸ್ಪತ್ರೆಗೆ ಬಂದಾಗ ಮಗಳಿಗೆ ಪ್ಲಾಸ್ಟರ್ ಹಾಕಿ ಮಲಗಿಸಿದ್ದರು. ಬಾಗಿಲ ಹತ್ತಿರ ನೆಲದ ಮೇಲೆ ಫಕೀರವ್ವ ಕೂತಿದ್ದಳು. ಬೆಳಿಗ್ಗೆಯಿಂದ ಹನಿ ನೀರು ಕುಡಿದಿರಲಿಲ್ಲ. ಅವಳನ್ನು ಕಂಡದ್ದೇ ಅವನ ಸಿಟ್ಟಿಗೆ ದಾರಿ ಸಿಕ್ಕಿತು.

"ಸಣ್ಣ ಹುಡುಗ್ರನ್ನ ರಸ್ತೆಗೆ ಯಾಕ ಇಳಿಸಿದಿ?"

ಫಕೀರವ್ವ ಎದ್ದು ನಿಂತಳು. ದನಿ ಏರಿಸಲಿಲ್ಲ. ಏರಿಸುವಷ್ಟು ತ್ರಾಣವೂ ಅವಳಲ್ಲಿ ಉಳಿದಿರಲಿಲ್ಲ.

"ಇಳಿಸದ ಏನ್ ಮಾಡ್ಲಿರಿ. ಮ್ಯಾಲೆ ನಿಮ್ಮ ಟಾಕಿ ಅದಾವಲ್ರಿ."

ಅಷ್ಟೇ. ಸಾಹುಕಾರ ಬೈಯುವುದನ್ನು ಬಿಟ್ಟು ಮಗಳ ಹಾಸಿಗೆಯ ಹತ್ತಿರ ಹೋಗಿ ಕೂತ. ಆದರೂ ಮನುಷ್ಯನ ಮನಸ್ಸು ಅಷ್ಟು ಬೇಗ ಬಾಗುತ್ತದೆಯೇ? ಮಗಳ ತಲೆ ಸವರುತ್ತ, "ಇನ್ಮ್ಯಾಲೆ ನಿನ್ನ ನಡಿಯಾಕ ಬಿಡೂದಿಲ್ಲ ತಗೋ" ಎಂದ.

ಮಗಳು ಕಣ್ಣು ಮುಚ್ಚಿಕೊಂಡೇ ಕೇಳಿದಳು, "ಹಂಗಾದ್ರ ನಾಳೆ ರೇಣುಕಾ ಮತ್ತ ಅಲ್ಲೇ ಇಳೀತಾಳನ?"

ಮರುದಿನ ಅವನು ಎಂದಿಗಿಂತ ಬೇಗ ಅಂಗಡಿಗೆ ಬಂದು ಎದುರಿನ ಕಟ್ಟೆಯ ಮೇಲೆ ನಿಂತ. ಅಷ್ಟು ವರ್ಷ ಅದೇ ಅಂಗಡಿಯಲ್ಲಿ ಕೂತವನು, ಮಕ್ಕಳು ಶಾಲೆಗೆ ಹೋಗುವ ಹೊತ್ತಿನಲ್ಲಿ ಒಮ್ಮೆಯೂ ಅಲ್ಲಿ ನಿಂತು ನೋಡಿರಲಿಲ್ಲ. ಫಕೀರವ್ವ ಬಂದಳು. ಟಾಕಿಗಳ ಹತ್ತಿರ ನಿಂತು, ಹಿಂದೆ ತಿರುಗಿ ರಸ್ತೆ ನೋಡಿ, ಮಕ್ಕಳ ಕೈಗೆ ಕೈ ಸೇರಿಸಿ, ತಾನು ವಾಹನಗಳ ಕಡೆಗೆ ನಿಂತು ಒಬ್ಬೊಬ್ಬರನ್ನೇ ದಾಟಿಸಿದಳು. ರೇಣುಕಾ ಕೊನೆಯವಳು. ಅವಳು ರಸ್ತೆಗೆ ಕಾಲಿಡಲು ಹೆದರಿ ಟಾಕಿಗೆ ಆತುಕೊಂಡು ಅಳುತ್ತಿದ್ದಳು.

ಸಾಹುಕಾರ ಆ ಹೊತ್ತಿನಲ್ಲೇ ಆಳುಗಳನ್ನು ಕರೆದು ಟಾಕಿಗಳನ್ನು ತೆಗೆಸಿದ.

ಇಲ್ಲಿಗೆ ಕಥೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಮುಗಿಯಲಿಲ್ಲ. ಟಾಕಿ ತೆಗೆದ ಜಾಗದಲ್ಲಿ ಮಾರನೇ ದಿನ ಯಾರೋ ಸ್ಕೂಟರ್ ನಿಲ್ಲಿಸಿ ಹೋದರು. ತೆಗೆಸಿದ. ಮತ್ತೊಬ್ಬರು ನಿಲ್ಲಿಸಿದರು. ಪಕ್ಕದ ಪಾತ್ರೆ ಅಂಗಡಿಯವನು, "ನೀವು ತಗದ್ರ ನಮಗೂ ತಗೀರಿ ಅಂತಾರ. ಊರ ಉಸಾಬರಿ ನಿಮಗ್ಯಾಕ ಬೇಕಿತ್ರಿ" ಎಂದ. ದಿನವೂ ಅದೇ ಮಾತು, ದಿನವೂ ಅದೇ ಜಗಳ. ಸಾಹುಕಾರ ದಣಿದ. ಬಿಟ್ಟುಬಿಡೋಣ ಅನಿಸಿದ ದಿನಗಳೂ ಇದ್ದವು. ಆದರೆ ಬೆಳಗಾದರೆ ಫಕೀರವ್ವ ಬರುತ್ತಿದ್ದಳು, ಅವಳ ಹಿಂದೆ ಮಕ್ಕಳು ಬರುತ್ತಿದ್ದರು. ಅವನು ಎದ್ದು ಹೋಗಿ ನಿಲ್ಲುತ್ತಿದ್ದ.

ಮಗಳ ಕೈ ಕೂಡಿತು. ಅವಳು ನಡೆಯತೊಡಗಿದಳು. ಮೊದಲ ತಿಂಗಳು ಅಪ್ಪನೂ ಜೊತೆಗೆ ನಡೆದ. ಎಲ್ಲಿ ನಿಲ್ಲಬೇಕು, ಯಾವ ಕಡೆ ನೋಡಿ ದಾಟಬೇಕು ಅಂತ ಕೈ ಹಿಡಿದು ಕಲಿಸಿದ. ಮನೆಯ ಮೂಲೆಯಲ್ಲಿದ್ದ ಅವಳ ಸೈಕಲ್‌ನ ಬ್ರೇಕು, ಬೆಲ್ಲು ಸರಿಮಾಡಿಸಿ, ಭಾನುವಾರಗಳಲ್ಲಿ ಶಾಲೆಯ ಬಯಲಿನಲ್ಲಿ ಹೊಡೆಸಿದ. ಅದಕ್ಕೂ ತಿಂಗಳುಗಳೇ ಹಿಡಿದವು. ಒಂದು ಬೆಳಿಗ್ಗೆ ಜೊತೆಗೆ ನಡೆಯುತ್ತ ಫಕೀರವ್ವನಿಗೆ, "ಈಗ ನಿಮಗ ಸಲೀಸ ಆತಲ್ಲ ಯವ್ವಾ" ಎಂದ.

"ಎಲ್ಲಿ ಸಲೀಸ್ರಿ. ಮುಂದ ಇನ್ನಾ ನಾಕ ಅಂಗಡಿ ಅದಾವ. ನಡೀರಿ, ಹೊತ್ತಾತು" ಎಂದಳು ಅವಳು.

ಬಂಧುಗಳೇ, ಈ ಮಾತನ್ನು ಊರೂರಿಗೆ ಹೇಳಿ ಹೇಳಿ ನನ್ನ ಗಂಟಲು ಸೋತಿದೆ. ಕೇಳಿದವರು ತಲೆದೂಗುತ್ತಾರೆ. ಎದ್ದು ಹೋಗಿ ಗಾಡಿ ಚಾಲೂ ಮಾಡುತ್ತಾರೆ. ರಸ್ತೆ ಸರಿ ಇಲ್ಲ ಅನ್ನುತ್ತೀರಿ. ರಸ್ತೆ ಅಂದರೆ ಯಾರು? ಶಾಲೆಯ ಗೇಟಿಗೆ ಗಾಡಿ ತಂದು ತುರುಕುವವರು ಯಾರು? ಗಂಟೆ ಹೊಡೆಯಿತೆಂದು ಮಕ್ಕಳ ನಡುವೆ ನುಗ್ಗಿಸುವವರು ಯಾರು? ನಮ್ಮ ಕೂಸಿಗೆ ಅಂಜಿ ನಾವು ಗಾಡಿ ತೆಗೆಯುತ್ತೇವೆ, ನಮ್ಮ ಗಾಡಿಗೆ ಅಂಜಿ ಪಕ್ಕದ ಮನೆಯವರೂ ತೆಗೆಯುತ್ತಾರೆ. ಕೊನೆಗೆ ನಡೆಯಲು ಉಳಿಯುವವರು ಯಾರು? ಗಾಡಿ ಇಲ್ಲದ ಮನೆಯ ಮಕ್ಕಳು.

ನಾನು ದೊಡ್ಡದೇನೂ ಕೇಳುವುದಿಲ್ಲ. ದೂರದಿಂದ ಬರುವವರು ಗಾಡಿಯನ್ನು ಶಾಲೆಗಿಂತ ಆಚೆಯೇ ನಿಲ್ಲಿಸಿ, ಉಳಿದ ನಾಲ್ಕು ಹೆಜ್ಜೆ ಮಗುವಿನೊಂದಿಗೆ ನಡೆಯಿರಿ. ಹತ್ತಿರದವರು ಓಣಿಯ ಮಕ್ಕಳನ್ನು ಕೂಡಿಸಿ, ದಿನಕ್ಕೊಬ್ಬರು ಹಿರಿಯರು ಜೊತೆಗೆ ಹೋಗಿ. ಎಲ್ಲವನ್ನೂ ಒಬ್ಬ ಫಕೀರವ್ವನ ಹೆಗಲಿಗೆ ಹಾಕಬೇಡಿ. ಸೈಕಲ್ ಕೊಡಿಸಿದವರು ಅದನ್ನು ಹೊಡೆಯುವುದನ್ನೂ ಕಲಿಸಿ. ಇದು ಒಂದು ದಿನದ ಕೆಲಸವಲ್ಲ, ದಣಿವಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಮೊದಲು ನಾಳೆ ಬೆಳಿಗ್ಗೆ ನಿಮ್ಮ ಮಗುವಿನ ಹಿಂದೆ ಹಿಂದೆ ಶಾಲೆಯವರೆಗೆ ನಡೆದುಹೋಗಿ. ಅದು ಎಲ್ಲೆಲ್ಲಿ ರಸ್ತೆಗೆ ಇಳಿಯುತ್ತದೆ ನೋಡಿ. ಅಲ್ಲಿ ಅಡ್ಡ ಇರುವುದು ಯಾರದೆಂದು ಕೇಳಿ. ನಿಮ್ಮದೇ ಆಗಿದ್ದರೆ, ಯಾರಾದರೂ ಬಂದು ಹೇಳುವ ತನಕ ಕಾಯಬೇಡಿ.