ಅತ್ತಿಗೆಯ ಎಂಟು ಗಂಟೆ

ಕ್ಲಿನಿಕ್ಕಿನ ಬೆಂಚಿನಲ್ಲಿ ನನ್ನ ಪಕ್ಕ ಗುರುತಿಲ್ಲದ ಒಬ್ಬ ಅತ್ತಿಗೆ, ಅವರ ನಾದಿನಿ ಕೂತಿದ್ದರು. ಬಿ.ಪಿ. ಇದ್ದದ್ದು ಅತ್ತಿಗೆಗೆ.

“ಎಷ್ಟು ಗಂಟೆ ನಿದ್ದೆ ಅಂತ ಡಾಕ್ಟರು ಕೇಳಿದ್ರೆ ಈ ಸಲ ನಿಜ ಹೇಳಿ, ಅತ್ತಿಗೆ.”

“ಎಂಟು.”

“ಅದು ನಮ್ಮಣ್ಣಂದು. ನಿಮ್ಮದು ಹೇಳಿ.”

“ಹತ್ತಕ್ಕೆ ಮಲಗ್ತೀನಿ, ಆರಕ್ಕೆ ಏಳ್ತೀನಿ. ನೀನೇ ಲೆಕ್ಕ ಹಾಕು.”

“ನಡುವೆ ಅಮ್ಮನಿಗೆ ಮಾತ್ರೆ, ಮಗೂಗೆ ನೀರು, ಚಿಲಕ ಹಾಕಿದೆಯಾ ಅಂತ ಎರಡು ಸಲ ನೋಡೋದು?”

“ಅದೆಲ್ಲ ಅರೆನಿದ್ದೇಲೇ ಆಗಿಹೋಗುತ್ತೆ.”

“ನೀವು ಹೀಗೆ ಸುಳ್ಳು ಹೇಳ್ತೀರಿ, ಅವರು ಮಾತ್ರೆ ಜಾಸ್ತಿ ಮಾಡ್ತಾರೆ. ನೀವು ಬೇಗ ಹೋಗಿಬಿಟ್ರೆ ನಮ್ಮಣ್ಣನ ಗೊರಕೆ ಯಾರು ಕೇಳ್ಬೇಕು?”

ಅಷ್ಟರಲ್ಲಿ ನಿದ್ದೆ ಹತ್ತಿ ಅತ್ತಿಗೆಯ ತಲೆ ನಾದಿನಿಯ ಭುಜಕ್ಕೆ ವಾಲಿತ್ತು.

ನರ್ಸ್ ಬಂದು ಅತ್ತಿಗೆಯ ಹೆಸರು ಕರೆದಳು.

“ಇವರ ಮದ್ದು ಈಗಷ್ಟೇ ಶುರುವಾಗಿದೆ,” ಎಂದಳು ನಾದಿನಿ ದನಿ ತಗ್ಗಿಸಿ. “ಮುಂದಿನವರನ್ನ ಕರೀರಿ.”

ಮುಂದಿನವನು ನಾನೇ. ಬೆಂಚು ಅಲುಗದಂತೆ ಎದ್ದು ಒಳಗೆ ಹೋದೆ.