ಬೋಳುಗುಡ್ಡದ ಬಿಳಿ ಪಂಚೆ

ಅರವತ್ತೊಂಬತ್ತರ ಆಷಾಢ. ತೀರ್ಥಹಳ್ಳಿಯಿಂದ ಸಾಗರಕ್ಕೆ ಹೊರಟಿದ್ದ ನಮ್ಮ ಬಸ್ಸು ಹೊಸನಗರ ದಾಟಿ ಒಂದಿಷ್ಟು ದೂರ ಹೋಗಿತ್ತು, ಅಷ್ಟರಲ್ಲಿ ರಸ್ತೆಗೆ ಅಡ್ಡವಾಗಿ ದೊಡ್ಡದೊಂದು ಮತ್ತಿ ಮರ ಬಿದ್ದಿರುವುದು ಕಂಡಿತು. ಮಳೆ ಜೋರಾಗಿತ್ತೇ ಹೊರತು ಗಾಳಿ ಇರಲಿಲ್ಲ. ಹಸಿ ಮರ, ಗಟ್ಟಿ ಬೇರು. ಹೇಗೆ ಬಿತ್ತೋ ಎಂದು ಡ್ರೈವರ್ ತಿಮ್ಮಣ್ಣ ಇಳಿದು ಒಂದು ಸುತ್ತು ಹಾಕಿ ನೋಡಿ ಬಂದ. ಕಂಡಕ್ಟರು ಮರ ಕಡಿಯುವವರನ್ನು ಕರೆತರಲು ನಡೆದುಕೊಂಡೇ ಹಿಂದಕ್ಕೆ ಹೋದ. ಉಳಿದ ನಾವೆಲ್ಲ ಪಕ್ಕದ ದುಗ್ಗಮ್ಮನ ಚಹಾದಂಗಡಿಯೊಳಗೆ ತೂರಿಕೊಂಡೆವು. ಕತ್ತಲಾಗುತ್ತಿತ್ತು. ದುಗ್ಗಮ್ಮ ಕಂದೀಲು ಹಚ್ಚಿ, ಒಲೆಗೆ ಇನ್ನೆರಡು ಕೊಳ್ಳಿ ತುರುಕಿದಳು.

"ಬೋಳುಗುಡ್ಡ ಒಂದು ದಾಟಿದ್ರೆ ಆಯ್ತು, ಆಮೇಲೆ ಸಾಗರ ಎಷ್ಟೊತ್ತು" ಎಂದು ತಿಮ್ಮಣ್ಣ ನಮಗೆ ಸಮಾಧಾನ ಹೇಳಿದ.

ಬೆಂಚಿನ ತುದಿಯಲ್ಲಿ ಹಲಸಿನ ಹಪ್ಪಳದ ಗಂಟನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಮುದುಕನೊಬ್ಬ ನಕ್ಕ. ಹೆಸರು ಬೆಳ್ಳಪ್ಪ. ಸಾಗರದಲ್ಲಿರುವ ಮಗಳ ಮನೆಗೆ ಹೊರಟಿದ್ದೇನೆಂದು ಬಸ್ಸಿನಲ್ಲಿ ಎಲ್ಲರಿಗೂ ಹೇಳಿಯಾಗಿತ್ತು.

"ದಾಟೋದು ನಿನ್ನ ಕೈಲಿದೆ ಅಂದ್ಕೊಂಡಿದೀಯೇನಾ ತಿಮ್ಮಣ್ಣಾ? ಅವನು ಬಿಟ್ರಲ್ವಾ ನೀನು ದಾಟೋದು!"

ಯಾರು ಅವನು ಎಂದು ನಾನು ಕೇಳಿದೆ. ಅಷ್ಟೇ ಸಾಕಾಯಿತು. ಮುದುಕ ಕಾಲು ಮೇಲೆತ್ತಿ ಚಕ್ಕಳಮಕ್ಕಳ ಹಾಕಿ ಕೂತ, ಚಹಾ ಲೋಟ ಕೆಳಗಿಟ್ಟ, ಮಾತು ಶುರುಮಾಡಿದ.

"ಬೋಳುಗುಡ್ಡದ ಮೇಲೆ ವಿಮಾನ ಇಳೀತಿತ್ತು ಅಂದ್ರೆ ನಂಬ್ತೀರಾ ಮೇಷ್ಟ್ರೇ? ನಂಬಲ್ಲ. ನಿಮ್ಮ ಮುಖಾನೇ ಹೇಳ್ತಾ ಇದೆ. ಇಳೀತಿತ್ತು ಕಣ್ರೀ! ದೊಡ್ಡ ಯುದ್ಧದ ಕಾಲದಲ್ಲಿ ಬಿಳೀ ಸಾಹೇಬ್ರು ಗುಡ್ಡದ ನೆತ್ತಿ ಸಮ ಮಾಡ್ಸಿದ್ರು. ಒಂದು ಹುಲ್ಲು ಹುಟ್ಟಲ್ಲ, ಜಂಬಿಟ್ಟಿಗೆ ನೆಲ, ಚಪ್ಪಟೆ ಬಯಲು. ವಿಮಾನದೋನಿಗೆ ಮೇಲಿಂದ ಗೊತ್ತಾಗ್ಬೇಕಲ್ಲ, ಇಳೀಬಹುದೋ ಇಲ್ವೋ ಅಂತ? ಅದಕ್ಕೊಂದು ಗುರುತು. ಬಿಳೀ ಬಟ್ಟೆ ಒಂದು ಉದ್ದಕ್ಕೆ, ಅದರ ತಲೆ ಮೇಲೆ ಇನ್ನೊಂದು ಅಡ್ಡಕ್ಕೆ. ಹಾಸಿದ್ರೆ ಇಳಿ ಅಂತ. ಇಲ್ದಿದ್ರೆ ಸುತ್ತು ಹೊಡೀತಾ ಇರು ಅಂತ. ಅಷ್ಟೇ ಲೆಕ್ಕ.

"ಈಗ ಕೇಳಿ. ನಮ್ಮೂರ ಮಳೆ ನಿಮಗೆ ಗೊತ್ತು. ವಾರಗಟ್ಲೆ ಬಟ್ಟೆ ಒಣಗಲ್ಲ, ಮೈಮೇಲಿದ್ದದ್ದೂ ವಾಸನೆ ಬರುತ್ತೆ. ಆ ವರ್ಷ ಶ್ರಾವಣದಲ್ಲಿ ಒಂದಿನ ಇದ್ದಕ್ಕಿದ್ದಂಗೆ ಬಿಸಿಲು ಬಿತ್ತು ನೋಡಿ... ಊರಿಗೆ ಊರೇ ಪಂಚೆ, ಸೀರೆ, ಹಾಸಿಗೆ ಬಟ್ಟೆ ಹೊತ್ಕೊಂಡು ಗುಡ್ಡ ಹತ್ತಿತು. ಕಲ್ಲುನೆಲ ಕಾವಲಿ ಕಾದಂಗೆ ಕಾದಿತ್ತು, ಬಯಲ ತುಂಬ ಹರಡಿದ್ವಿ. ಅದೇ ಹೊತ್ತಿಗೆ ಬಂತು ಮಿಲಿಟರಿ ವಿಮಾನ! ಒಬ್ನೇ ಒಬ್ಬ ಒಳಗೆ. ಕೆಳಗೆ ನೋಡಿದ್ರೆ ಎಲ್ಲೆಲ್ಲೂ ಬಿಳಿ. ಯಾವುದು ಗುರುತು, ಯಾವುದು ಪಂಚೆ? ಅವನು ಸುತ್ತಿದ. ನಾವು ಖುಷಿಯಾಗಿ ಇದ್ದಬದ್ದ ಬಟ್ಟೆ ಎತ್ತಿ ಬೀಸಿದ್ವಿ, ಕೂಗಿದ್ವಿ, ಕುಣಿದ್ವಿ. ಅವನು ಸುತ್ತಿದ, ಸುತ್ತಿದ... ಎಣ್ಣೆ ಮುಗೀತು. ಸದ್ದು ನಿಂತ್ಹೋಯ್ತು. ಆಚೆ ಕೊಳ್ಳದಲ್ಲಿ ಬಿದ್ದ. ಪಾಪ, ನಮ್ಮ ಸಂಭ್ರಮ ಅವನಿಗೆ ಮರಣ ಆಯ್ತು.

"ಅದು ಹಳೇ ಮಾತು. ಆಮೇಲೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟೋವಾಗ ಇಂಜಿನಿಯರುಗಳ್ನ ಕರ್ಕೊಂಡು ಬರೋಕೆ ಪುಟ್ಟ ವಿಮಾನ ಬಂತು. ಚೀನಾದೋರ ಜೊತೆ ಯುದ್ಧ ಆಯ್ತಲ್ಲ, ಮಿಲಿಟರಿನೂ ವಾಪಸ್ ಬಂತು. ಬಯಲು ಒಂದು, ಬಳಸೋರು ಇಬ್ರು! ಜಗಳ ಬೇಡ ಅಂತ ಒಂದು ಕಟ್ಟಳೆ ಆಯ್ತು. ಮೊದ್ಲು ಮಿಲಿಟರಿ, ಆಮೇಲೆ ಬೇರೆಯೋರು. ಮಿಲಿಟರಿ ವಿಮಾನದ ಸದ್ದು ಆಕಾಶದಲ್ಲಿ ಇರೋ ತನಕ ಪುಟ್ಟ ವಿಮಾನ ಕದಲಂಗಿಲ್ಲ. ದನ ಓಡಿಸೋದು, ಕೆಂಪು ಬಾವುಟ ಹಿಡಿದು ನಿಲ್ಸೋದು, ಹಸಿರು ತೋರ್ಸಿ ಬಿಡೋದು, ಈ ಕೆಲಸ ಯಾರ್ದು ಹೇಳಿ? ಈ ಬೆಳ್ಳಪ್ಪಂದು! ಖಾಕಿ ಕೋಟು ಕೊಟ್ಟಿದ್ರು ಮಾರಾಯ್ರೇ. ಮದುಮಗನಾದಾಗ್ಲೂ ಅಂಥ ಕೋಟು ಹಾಕಿದೋನಲ್ಲ ನಾನು.

"ಒಂದು ಮಳೆಗಾಲ. ಮದುವೆ ವಯಸ್ಸಿಗೆ ಬಂದಿದ್ದ ನನ್ನ ಮಗಳು ಪುಷ್ಪಂಗೆ ಹೊಟ್ಟೆನೋವು. ಅಣೆಕಟ್ಟಿನ ಡಾಕ್ಟ್ರು ಮುಟ್ಟಿ ನೋಡಿದೋರೇ ನನ್ನ ಹೊರಗೆ ಕರೆದ್ರು. ಒಳಗೆ ಕರುಳು ಒಡೆದಿದೆ, ಇವತ್ತೇ ಬೆಂಗಳೂರಲ್ಲಿ ಕೊಯ್ಬೇಕು, ಇಲ್ದಿದ್ರೆ ಇಲ್ಲ ಅಂದ್ರು. ರಸ್ತೆ ಎಲ್ಲಾ ಕಡೆ ನೀರಲ್ಲಿತ್ತು. ಆಗ ಪುಟ್ಟ ವಿಮಾನ ಓಡಿಸೋ ಹೇರಂಬ ಸಾಹೇಬ್ರು, ಅವರ ಹೊಟ್ಟೆ ತಣ್ಣಗಿರ್ಲಿ, ಕರ್ಕೊಂಡು ಬಾರಪ್ಪಾ ನಿನ್ನ ಮಗಳ್ನ ಅಂದ್ರು. ಮಲಗಿಸಿದ್ವಿ. ನಮ್ಮೋಳೂ ಜೊತೆಗೆ ಹತ್ತಿದ್ಲು. ಹುಡುಗಿ ಮುಖ ಸುಣ್ಣ ಬಳಿದಂಗಿತ್ತು. ವಿಮಾನದ ಪಂಖ ತಿರುಗ್ತು. ನಾನು ಹಸಿರು ಬಾವುಟ ಎತ್ತಬೇಕು... ಮೋಡದೊಳಗಿಂದ ಬಂತು ಸದ್ದು. ಗುರ್‍ರ್... ಅಂತ. ಸುತ್ತು ಹೊಡೀತಿದೆ!

"ಮಿಲಿಟರಿ ಡೇರೆಗೆ ಓಡಿದೆ. ಹವಾಲ್ದಾರ ವೈರ್‌ಲೆಸ್ಸಲ್ಲಿ ಕೇಳಿದ. ನಮ್ಮದು ಇವತ್ತು ಯಾವುದೂ ಹಾರಿಲ್ಲ ಅಂತು ಆ ಕಡೆಯಿಂದ. ಹಾರಿಲ್ಲ! ಮತ್ತೆ ತಲೆ ಮೇಲೆ ಸುತ್ತೋದು ಯಾರು? ಹೇರಂಬ ಸಾಹೇಬ್ರೂ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳಿಸ್ಕೊಂಡ್ರು. 'ಮೋಡದಲ್ಲಿ ಏನೋ ಇದೆ ಬೆಳ್ಳಪ್ಪಾ, ನಾನು ಎದ್ರೆ ಡಿಕ್ಕಿ ಹೊಡೆದು ಎಲ್ಲರೂ ಸಾಯ್ತೀವಿ. ಅದು ಇಳೀಲಿ, ಇಲ್ಲಾ ಹೋಗ್ಲಿ' ಅಂದ್ರು. ಅದು ಇಳೀಲೂ ಇಲ್ಲ, ಹೋಗ್ಲೂ ಇಲ್ಲ. ಒಳಗೆ ನನ್ನ ಕೂಸು 'ಅಪ್ಪಯ್ಯಾ' ಅಂತ ನರಳ್ತಿದೆ. ಏನು ಮಾಡ್ತೀರಿ ನೀವಾಗಿದ್ರೆ? ಹೇಳಿ ಮೇಷ್ಟ್ರೇ, ಏನು ಮಾಡ್ತಿದ್ರಿ?

"ಆ ಸದ್ದು ಇದ್ಯಲ್ಲ... ಅದು ನನಗೆ ಗೊತ್ತಿದ್ದ ಸದ್ದು. ಒಂದು ಕಡೆ ಕೆಮ್ಮಿದಂಗೆ, ಉಸಿರು ಸಿಕ್ಕಿಹಾಕ್ಕೊಂಡಂಗೆ. ಪಂಚೆ ಬೀಸ್ತಾ ಕುಣಿದಿದ್ನಲ್ಲ, ಅವತ್ತು ಕೇಳಿದ್ದೇ ಅದು! ಮೈಯೆಲ್ಲಾ ಜುಂ ಅಂತು. ಇಷ್ಟು ವರ್ಷ ಆದ್ರೂ ಅವನಿಗೆ ಪಾಳಿ ಸಿಕ್ಕಿಲ್ಲ ಕಣ್ರೀ. ಗುರುತು ಹುಡುಕ್ತಾನೇ ಇದಾನೆ!

"ಗುರುತಿನ ಬಟ್ಟೆ ಕೊಡು ಅಂತ ಹವಾಲ್ದಾರನ್ನ ಕೇಳಿದೆ. ಬಾರದೇ ಇರೋ ವಿಮಾನಕ್ಕೆ ಬಟ್ಟೆ ಹಾಸೋಕೆ ತಲೆ ಕೆಟ್ಟಿದೆಯಾ ಅಂತ ಬೈದ. ಹೋಗಯ್ಯಾ ನೀನು ಅಂದೆ. ಬಯಲ ನಡೂ ಮಧ್ಯಕ್ಕೆ ಓಡಿದೋನೇ ಉಟ್ಟ ಪಂಚೆ ಬಿಚ್ಚಿದೆ! ನಗ್ಬೇಡ ದುಗ್ಗಮ್ಮಾ, ಒಳಗೆ ಚಡ್ಡಿ ಇತ್ತು. ಪಂಚೆ ಉದ್ದಕ್ಕೆ ಹಾಸಿ ಕಲ್ಲು ಇಟ್ಟೆ. ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಅಡ್ಡಕ್ಕೆ ಹಾಕ್ದೆ. ಮೇಲೆ ನೋಡಿ ಕೂಗಿದೆ, 'ಇಳಿಯೋ ಮಾರಾಯಾ! ಇದೇ ಗುರುತು, ಬೇರೆ ಯಾವ ಬಟ್ಟೆನೂ ಇಲ್ಲ, ಇಳಿ! ನನ್ನ ಮಗಳಿಗೆ ದಾರಿ ಬಿಡು!'

"ಸದ್ದು ಒಂದು ಗಳಿಗೆ ತಡೀತು. ಆಮೇಲೆ... ಇಳೀತು. ಕಣ್ಣಿಗೆ ಏನೂ ಇಲ್ಲ. ಏನೂ ಅಂದ್ರೆ ಏನೂ ಇಲ್ಲ! ಆದ್ರೆ ನಿಂತ ಮಳೆನೀರು ಎರಡು ಸಾಲಾಗಿ ಸೀಳ್ಕೊಂಡು ನನ್ನ ಕಡೆಗೇ ಬಂತು. ಗಾಳಿ ನನ್ನ ಅಂಗಾತ ಬೀಳಿಸ್ತು. ಸುಟ್ಟ ಎಣ್ಣೆ ವಾಸನೆ. ಬಯಲ ಕೊನೆಗೆ ಹೋಗಿ ಕೆಮ್ಮಿ ಕೆಮ್ಮಿ ಸುಮ್ಮನಾಯ್ತು. ಆಕಾಶ ಖಾಲಿ! ಎದ್ದೋನೇ ಹಸಿರು ಬಾವುಟ ಎತ್ತಿದೆ. ಹೇರಂಬ ಸಾಹೇಬ್ರು ಬಿಟ್ರು ನೋಡಿ... ಎದ್ದೇ ಬಿಡ್ತು ಪುಟ್ಟ ವಿಮಾನ! ಬಾಯಿ ಬಿಟ್ಟು ಅತ್ತೆ ನಾನು, ನಕ್ಕೆ, ಚಡ್ಡೀಲೇ ಕುಣಿದೆ.

"ಪುಷ್ಪ ಉಳಿದ್ಲು. ಈ ಹಪ್ಪಳ ಅವಳ ಮಕ್ಕಳಿಗೇ. ಆದ್ರೆ ಪಂಚೆ ತಗೊಳ್ಳೋಕೆ ಹೋದೆ ನೋಡಿ, ತಲೆಬಟ್ಟೆ ಇದೆ, ಪಂಚೆ ಇಲ್ಲ. ಇಟ್ಟ ಕಲ್ಲು ಇಟ್ಟಲ್ಲೇ ಇದೆ! ಆಮೇಲೆ ಹೇರಂಬ ಸಾಹೇಬ್ರು ಕೇಳಿದ್ರು, 'ಬಯಲ ತುದೀಲಿ ಚರ್ಮದ ಟೊಪ್ಪಿ ಹಾಕ್ಕೊಂಡು, ಹೆಗಲ ಮೇಲೆ ಪಂಚೆ ಹೊದ್ದು ಕೈ ಬೀಸಿದ್ನಲ್ಲ, ಅವನ್ಯಾರೋ?' ಅಂತ."

ಬೆಳ್ಳಪ್ಪ ಮಾತು ನಿಲ್ಲಿಸಿ ತಣ್ಣಗಾದ ಚಹಾ ಕುಡಿದ. ಒಲೆಯ ಕೊಳ್ಳಿ ಮುಂದೆ ತಳ್ಳುವುದನ್ನೂ ದುಗ್ಗಮ್ಮ ಮರೆತಿದ್ದಳು. ಸದ್ಯ, ಆ ವಿಮಾನದವನ ಕತೆಯೂ ಸುಖವಾಗಿ ಮುಗಿಯಿತಲ್ಲ ಎಂದೆ ನಾನು.

"ಮುಗೀತಾ? ಇಳಿದೋನು ಮತ್ತೆ ಹಾರಬೇಡ್ವಾ ಮೇಷ್ಟ್ರೇ? ಮನೆಗೆ ಹೋಗ್ಬೇಡ್ವಾ ಅವನು? ಅಣೆಕಟ್ಟು ಮುಗೀತು, ಪುಟ್ಟ ವಿಮಾನ ಹೋಯ್ತು, ಮಿಲಿಟರಿ ಡೇರೆ ಕಿತ್ತು ನಡೀತು. ಹಳೇ ರಸ್ತೆ ಹಿನ್ನೀರಲ್ಲಿ ಮುಳುಗಿದ್ದಕ್ಕೆ ಹೊಸ ರಸ್ತೆ ಎಲ್ಲಿ ಹಾಕಿದ್ರು? ಆ ಬಯಲ ಮೇಲೇ! ಹಗಲೂ ರಾತ್ರಿ ಬಸ್ಸು, ಲಾರಿ, ಗಾಡಿ. ಹಾರೋಕೆ ದಾರಿ ಖಾಲಿ ಬೇಕಲ್ಲ ಅವನಿಗೆ. ಅದಕ್ಕೇ ಮಳೆಗಾಲದಲ್ಲಿ ಬೋಳುಗುಡ್ಡದ ಈಚೆಗೊಂದು, ಆಚೆಗೊಂದು ಮರ ಬೀಳುತ್ತೆ... ಗಾಳಿ ಇರ್ಲಿ, ಇಲ್ದೇ ಇರ್ಲಿ."

ಅಷ್ಟರಲ್ಲಿ ಹೊರಗೆ ಇಂಜಿನ್ನು ಸ್ಟಾರ್ಟ್ ಆದ ಸದ್ದು ಕೇಳಿಸಿತು. ಅಂಗಡಿಯೊಳಗೆ ಎಲ್ಲರಿಗೂ ಜೀವ ಬಂದಂತಾಯಿತು. "ಬಸ್ಸು ಹೊರಟಿತು" ಎಂದು ಯಾರೋ ಕೂಗಿದರು. ಗಂಟುಮೂಟೆ ಎತ್ತಿಕೊಂಡು ಬಾಗಿಲಿಗೆ ನುಗ್ಗಿದೆವು. ನಾನೂ ಚೀಲ ಹೆಗಲಿಗೇರಿಸಿದೆ.

ತಿಮ್ಮಣ್ಣ ಮಾತ್ರ ಕೂತಲ್ಲಿಂದ ಏಳಲಿಲ್ಲ. ಒಲೆಯ ಪಕ್ಕದಲ್ಲಿ, ನಮ್ಮ ಕಣ್ಣೆದುರಿಗೇ ಕೂತಿದ್ದ. ಜೇಬಿನಿಂದ ಬಸ್ಸಿನ ಕೀಲಿ ತೆಗೆದು ನಮಗೆ ತೋರಿಸಿದ. ಹೊರಗೆ ಬಸ್ಸು ದೀಪವಿಲ್ಲದೆ, ಸದ್ದಿಲ್ಲದೆ ಮಳೆಯಲ್ಲಿ ನೆನೆಯುತ್ತಾ ನಿಂತಿತ್ತು. ಗುಡ್ಡದ ಮೇಲಿನಿಂದ ಬರುತ್ತಿದ್ದ ಸದ್ದು ಒಮ್ಮೆ ಕೆಮ್ಮಿ, ಮತ್ತೆ ಜೋರಾಯಿತು.

ಬೆಳ್ಳಪ್ಪ ಹಪ್ಪಳದ ಗಂಟನ್ನು ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡ.

"ಕೂತ್ಕೊಳ್ರಿ, ಕೂತ್ಕೊಳ್ರಿ" ಎಂದ. "ಮೊದ್ಲು ಮಿಲಿಟರಿ. ನಮ್ದು ಆಮೇಲೆ."